ಪರದೆ ತೋರಿಸದ ಕೈ

ಓರಿನ್ ಫೋನು ಹುಬ್ಬಳ್ಳಿಯ ಪರೀಕ್ಷಾ ಕೇಂದ್ರಕ್ಕೆ ಬಂದಾಗ ಎಲ್ಲರ ಬಾಯಲ್ಲೂ ಇದ್ದದ್ದು ಎರಡೇ ಅನುಮಾನ. ಇದು ನಮ್ಮ ಮಾತನ್ನು ಕದ್ದು ತನ್ನ ದೇಶಕ್ಕೆ ಕಳಿಸುತ್ತದೆಯೇ? ನಾವು ಏನು ನೋಡಬಾರದು, ಏನು ಆಡಬಾರದು ಎಂದು ಅಲ್ಲಿಯ ಸರ್ಕಾರ ಬರೆದಿಟ್ಟ ಪಟ್ಟಿ ಇದರ ಹೊಟ್ಟೆಯಲ್ಲಿ ಇದೆಯೇ?

ಹೊಸ ಕಾನೂನಿನ ಪ್ರಕಾರ ಹೊರದೇಶದ ಯಾವ ಫೋನೂ ಕೇಂದ್ರದ ಸಹಿಯಿಲ್ಲದೆ ಅಂಗಡಿಗೆ ಬರುವಂತಿರಲಿಲ್ಲ. ಖಾಸಗಿತನ ವಿಭಾಗದ ಮುಖ್ಯಸ್ಥೆ ಸೌಭಾಗ್ಯ ಬಡಿಗೇರ. ಗೋಡೆಗೆಲ್ಲ ತಾಮ್ರದ ಹಾಳೆ ಹೊದಿಸಿದ, ಯಾವ ಸಿಗ್ನಲ್ಲೂ ಒಳಗೆ ಬರದ, ಹೊರಗೆ ಹೋಗದ ಕೋಣೆಯಲ್ಲಿ ಅವಳು ಓರಿನ್ ಫೋನುಗಳನ್ನು ಸಾಲಾಗಿ ಇಟ್ಟು ವಾರಗಟ್ಟಲೆ ಕಾದಳು. ಫೋನುಗಳು ಏನನ್ನೂ ಹೊರಗೆ ಕಳಿಸಲು ನೋಡಲಿಲ್ಲ. ಅವುಗಳ ನೆನಪನ್ನು ಬಿಚ್ಚಿ ಪಟ್ಟಿ ಹುಡುಕಿದಳು. ತಯಾರಾಗುವ ದೇಶದಲ್ಲಿ ಮಾರುವ ಫೋನುಗಳಲ್ಲಿ ಅಂಥ ಪಟ್ಟಿ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಕೆಲವು ಘೋಷಣೆಗಳು, ಒಂದು ಬಾವುಟ, ಚಳವಳಿಗಾರರ ಒಂದು ಕೈಸನ್ನೆ, ಇವನ್ನು ಅಲ್ಲಿಯ ಫೋನು ತಾನಾಗಿಯೇ ಅಳಿಸಿಬಿಡುತ್ತಿತ್ತು. ಹೊರಗೆ ಮಾರುವ ಫೋನಿನಿಂದ ಪಟ್ಟಿ ತೆಗೆದಿದ್ದೇವೆ ಎಂದು ಕಂಪನಿ ಬರೆದುಕೊಟ್ಟಿತ್ತು. ಸೌಭಾಗ್ಯ ನೋಡಿದಳು, ನಿಜಕ್ಕೂ ತೆಗೆದಿದ್ದರು.

ವರದಿ ಮುಗಿಸುವ ಸಭೆಯಲ್ಲಿ ಅವಳ ಕೈಕೆಳಗಿನ ಎಂಜಿನಿಯರ್ ಫರ್ಜಾನಾ ಮುಲ್ಲಾ ಒಂದು ಮಾತು ಎತ್ತಿದಳು. "ಮೇಡಂ, ಇದರ ವಿಡಿಯೋ ಬ್ಯಾರೆ ಥರಾ ಐತಿ. ಚಿತ್ರ ಕಳಸೂದ ಇಲ್ಲ. ಕಿವಿ ಕೇಳದವರು ಯಾರರೆ ಗೊತ್ತಿದ್ರ ಒಂದೀಟು ಕೈಸನ್ನಿ ಮಾಡಿಸಿ ನೋಡಬೌದಿತ್ತು. ನಿಮ್ಮ ಪೈಕಿ ಯಾರರೆ ಅದಾರೇನು?"

ಮೇಜಿನ ಸುತ್ತ ಕೂತವರೆಲ್ಲ ಇಲ್ಲವೆಂದು ತಲೆಯಾಡಿಸಿದರು. ಸೌಭಾಗ್ಯಳೂ ಆಡಿಸಿದಳು.

"ನಿಯಮದಾಗ ಅದು ಇಲ್ಲ ಬಿಡ್ರಿ," ಎಂದರು ನಿರ್ದೇಶಕ ಇನಾಮದಾರ. ಸೌಭಾಗ್ಯ ಸಹಿ ಹಾಕಿದಳು.

ಅವಳ ಅಪ್ಪ ಮಾನಪ್ಪ, ಅವ್ವ ನೀಲವ್ವ, ಇಬ್ಬರಿಗೂ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಕಿವುಡ ಮಕ್ಕಳ ಒಂದೇ ವಸತಿಶಾಲೆಯಲ್ಲಿ ಕೈಮಾತು ಕಲಿತು, ಅಲ್ಲೇ ಪರಿಚಯವಾಗಿ, ದೊಡ್ಡವರಾದ ಮೇಲೆ ಮದುವೆಯಾದವರು. ಸೌಭಾಗ್ಯ ಬಾಯಿಂದ ಮಾತಾಡುವ ಮೊದಲೇ ಕೈಯಿಂದ ಮಾತಾಡಿದ ಮಗು. ಗದಗಿನ ಓಣಿಯಲ್ಲಿ ಅವಳನ್ನು "ಮೂಕರ ಮಗಳು" ಎಂದೇ ಕರೆಯುತ್ತಿದ್ದರು. ಹುಬ್ಬಳ್ಳಿಗೆ ಓದಲು ಬಂದಾಗ ಆ ಹೆಸರನ್ನು ಅಲ್ಲೇ ಬಿಟ್ಟು ಬಂದಳು. ಸುಳ್ಳೇನೂ ಹೇಳಲಿಲ್ಲ. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ಬಡಗಿ ಕೆಲಸ ಎನ್ನುತ್ತಿದ್ದಳು, ಅದು ನಿಜ. ಅವರೊಂದಿಗೆ ಫೋನಿನಲ್ಲಿ ಮಾತಾಡಲು ಕೈ ಎತ್ತಬೇಕು, ಎತ್ತಿದರೆ ಸುತ್ತಲಿನವರು ನೋಡುತ್ತಾರೆ. ಹಾಗಾಗಿ ಅಕ್ಷರದಲ್ಲೇ ಎರಡು ಮಾತು ಕಳಿಸುವ ರೂಢಿ ಮಾಡಿಕೊಂಡಿದ್ದಳು. ಅವ್ವ ಕೂಡಿಸಿಕೊಂಡು ಓದುತ್ತಿದ್ದಳು. ಅಪ್ಪನಿಗೆ ಓದು ಅಷ್ಟಕ್ಕಷ್ಟೆ.

ಆ ವರ್ಷ ಮಾನಪ್ಪನಿಗೆ ಕಲಬುರಗಿಯಲ್ಲಿ ಕೆಲಸ ಸಿಕ್ಕಿತು. ಹೊಸ ರಂಗಮಂದಿರಕ್ಕೆ ಸಾಗುವಾನಿಯ ಬಾಗಿಲು, ಕೆತ್ತನೆಯ ಚೌಕಟ್ಟು, ಮುಗಿಯಲು ತಿಂಗಳುಗಳೇ ಬೇಕು. ಗಂಡ ಹೆಂಡತಿ ಅಷ್ಟು ದಿನ ಬೇರೆ ಇದ್ದವರಲ್ಲ. ಸೌಭಾಗ್ಯ ಇಬ್ಬರಿಗೂ ಒಂದೊಂದು ಓರಿನ್ ಕೊಡಿಸಿದಳು. ಸಿಗ್ನಲ್ ಎಷ್ಟು ಬಡಕಲಾಗಿದ್ದರೂ ಅದರಲ್ಲಿ ವಿಡಿಯೋ ನಿಲ್ಲುತ್ತಿರಲಿಲ್ಲ. ಬೇರೆ ಫೋನುಗಳಂತೆ ಅದು ಚಿತ್ರವನ್ನು ಕಳಿಸದೆ, ಮುಖ ಎಲ್ಲಿದೆ, ಕೈ ಹೇಗಿದೆ ಎಂಬ ಸುಳಿವನ್ನಷ್ಟೇ ಕಳಿಸುತ್ತಿತ್ತು. ಆ ಕಡೆಯ ಫೋನು ಆ ಸುಳಿವು ಹಿಡಿದು, ತಾನು ಮೊದಲೇ ಕಲಿತ ಲಕ್ಷಾಂತರ ಮುಖ, ಕೈಗಳ ಅರಿವಿನಿಂದ ಚಿತ್ರವನ್ನು ಅಲ್ಲೇ ಬರೆದು ತೋರಿಸುತ್ತಿತ್ತು. ಬರೆದ ಚಿತ್ರವೆಂದು ಯಾರಿಗೂ ಗೊತ್ತಾಗದಷ್ಟು ಚೆನ್ನಾಗಿ.

ಮೊದಮೊದಲು ನೀಲವ್ವ ಹಿಗ್ಗಿದಳು. ಸಂಜೆ ಒಲೆ ಆರಿಸಿ, ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಗಂಡನೊಂದಿಗೆ ಹರಟೆಗೆ ಕೂರುತ್ತಿದ್ದಳು. ಕೆಲವು ವಾರಗಳ ನಂತರ ಮಗಳಿಗೆ ಒಂದು ಸಂದೇಶ ಬಂತು.

"ನಿಮ್ಮಪ್ಪ ಅರ್ಧ ಮಾತ ಆಡತಾರ. ನಡುವ ಕೈ ಕೆಳಗ ಇಡತಾರ. ಏನೊ ಮುಚ್ಚಿಡತಾರ. ನೀ ಒಮ್ಮಿ ಮಾತಾಡು."

ಸೌಭಾಗ್ಯ ಕೇಂದ್ರದ ಊಟದ ಮನೆಯಲ್ಲಿದ್ದಳು. ಬಲಗೈಯಲ್ಲಿ ಚಮಚ ಹಿಡಿದೇ ಎಡಗೈಯಿಂದ ಬರೆದಳು. "ಅಲ್ಲಿ ಬೆಳಕು ಕಡಿಮಿ ಇರಬೇಕವ್ವ. ದೀಪದ ಮುಂದ ಕುಂಡ್ರಲಿಕ್ಕೆ ಹೇಳು."

ಅವ್ವ ಮತ್ತೆ ಬರೆದಳು. ಅಪ್ಪನ ಕೈಗೆ ಬಟ್ಟೆ ಸುತ್ತಿದೆ, ಕೇಳಿದರೆ ಏನೂ ಇಲ್ಲ ಎನ್ನುವವನಂತೆ ಕೈ ತೊಡೆಯ ಮೇಲೆ ಇಟ್ಟುಬಿಡುತ್ತಾನೆ, ಸೌಭಾಗ್ಯಗೆ ಹೇಳು ಎನ್ನುತ್ತಾನೆ, ಏನು ಹೇಳಬೇಕೆಂದು ಹೇಳುವುದಿಲ್ಲ. ಬಡಗಿಯ ಕೈಗೆ ಬಟ್ಟೆ ಸುತ್ತಿರದ ದಿನ ಯಾವುದು ಎಂದುಕೊಂಡಳು ಸೌಭಾಗ್ಯ. ಅಪ್ಪ ಅವ್ವ ಇಬ್ಬರಿಗೂ ವಯಸ್ಸಾಯಿತು, ಹೊಸ ಯಂತ್ರ ಬಳಸಲು ಬರುವುದಿಲ್ಲ ಎಂದುಕೊಂಡಳು. ಭಾನುವಾರ ಮಾತಾಡುತ್ತೇನೆ ಎಂದು ಬರೆದಳು. ಆ ಭಾನುವಾರ ಗಂಡನ ಮನೆಯ ಕಡೆಯ ನೆಂಟರು ಬಂದರು. ಮುಂದಿನ ಭಾನುವಾರ ಅವಳಿಗೆ ನೆನಪೇ ಆಗಲಿಲ್ಲ.

ಕಲಬುರಗಿಯಿಂದ ಗುತ್ತಿಗೆದಾರರ ಕರೆ ಬಂದದ್ದು ಒಂದು ಬೆಳಿಗ್ಗೆ. "ನಿಮ್ಮ ತಂದಿಯವರು ಕೆಲಸದಾಗ ಕುಸದ ಬಿದ್ದಾರ್ರಿ. ಜ್ವರ ಭಾಳ ಐತಿ. ಕೈ ನೋಡಿದ್ರ ಕರ್ರಗ ಆಗೇತಿ. ಆಸ್ಪತ್ರಿಗೆ ಹಾಕೀವಿ, ಲಗೂನ ಬರ್ರಿ."

ಅವ್ವನನ್ನು ಗದಗಿನಲ್ಲಿ ಹತ್ತಿಸಿಕೊಂಡು ಸೌಭಾಗ್ಯ ಕಲಬುರಗಿ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಉಳಿ ತಾಗಿ ಬಲಗೈಯ ಎರಡು ಬೆರಳ ನಡುವೆ ಆದ ಗಾಯ. ಸಕ್ಕರೆ ಕಾಯಿಲೆಯ ಮೈ, ಮಾಯದೆ ಕೀವು ತುಂಬಿ, ಕೊಳೆತು, ಬೆರಳುಗಳಲ್ಲಿ ರಕ್ತ ಓಡುವುದೇ ನಿಂತುಹೋಗಿತ್ತು. ತೋರುಬೆರಳು, ನಡುಬೆರಳು ಎರಡನ್ನೂ ತೆಗೆಯದಿದ್ದರೆ ಕೈಯೇ ಹೋಗುತ್ತದೆ ಎಂದರು ಡಾಕ್ಟರು. "ಇಷ್ಟ ದಿನ ಏನ್ ಮಾಡಾಕತ್ತಿದ್ರಿ? ಇದು ಒಂದ ದಿನದಾಗ ಆಗೂದಲ್ಲ."

ಸೌಭಾಗ್ಯ ಅದನ್ನು ಅಪ್ಪನಿಗೆ ಕೈಯಲ್ಲಿ ಹೇಳಿದಳು. ಎಷ್ಟೋ ದಿನಗಳಿಂದ ಬಳಸದ ಕೈಮಾತು ಅವಳ ಬೆರಳಲ್ಲಿ ತೊಡರುತ್ತಿತ್ತು. ಅಪ್ಪ ಒಪ್ಪಿಗೆಯೆಂದು ತಲೆಯಾಡಿಸಿದ. ಶಸ್ತ್ರಚಿಕಿತ್ಸೆಯಾಯಿತು.

ಅಪ್ಪ ಎದ್ದು ಒರಗಿ ಕೂರುವಂತಾದ ದಿನ ಮಂಚದ ಎರಡು ಬದಿ ಕೂತು ಗಂಡ ಹೆಂಡತಿ ಜಗಳಕ್ಕೆ ಬಿದ್ದರು. ಸದ್ದಿಲ್ಲದ ಜಗಳ. ವಾರ್ಡಿನವರೆಲ್ಲ ತಿರುಗಿ ನೋಡುತ್ತಿದ್ದರು.

"ದಿನಾ ಹೇಳಿದೆ," ಎಂದ ಮಾನಪ್ಪ ಎಡಗೈಯಲ್ಲಿ. "ನೋವು, ನೋವು ಅಂತ ದಿನಾ ಹೇಳಿದೆ. ಸೌಭಾಗ್ಯಗೆ ಹೇಳು, ಡಾಕ್ಟರ ಹತ್ತಿರ ಮಾತಾಡಲಿ ಅಂದೆ. ನೀನು ಊಟ ಆಯಿತೇ ಎಂದು ಕೇಳಿ ಫೋನ್ ಇಟ್ಟೆ. ನಿನ್ನ ಮನಸ್ಸು ಕಲ್ಲಾಗಿದೆ ಎಂದು ಹೇಳುವುದನ್ನೇ ಬಿಟ್ಟೆ."

"ನೀನು ಹೇಳಲಿಲ್ಲ. ಒಮ್ಮೆಯೂ ಹೇಳಲಿಲ್ಲ. ಕೇಳಿದರೆ ಕೈ ತೊಡೆಯ ಮೇಲೆ ಇಟ್ಟೆ. ಅಲ್ಲಿ ಬೇರೆ ಯಾರೋ ಇದ್ದಾರೆ ಎಂದುಕೊಂಡೆ ನಾನು." ಆ ಮಾತು ಆಡಿದ ಮೇಲೆ ನೀಲವ್ವ ಮುಖ ಮುಚ್ಚಿಕೊಂಡಳು.

ಅವರ ಕೈಮಾತಿನಲ್ಲಿ ನೋವು ಎಂದರೆ ಎದೆಯ ಹತ್ತಿರ ಮುಷ್ಟಿ ಹಿಡಿದು ಐದೂ ಬೆರಳು ಒಮ್ಮೆಲೇ ಬಿಚ್ಚುವುದು. ಅಪ್ಪ ಅದನ್ನು ಮತ್ತೆ ಮತ್ತೆ ಮಾಡುತ್ತಿದ್ದ. ಸೌಭಾಗ್ಯ ನೋಡುತ್ತ ನಿಂತಳು. ಅವಳಿಗೆ ಆ ಮುಷ್ಟಿ ಇನ್ನೊಂದು ಕಡೆಯಿಂದಲೂ ಗೊತ್ತಿತ್ತು, ಪಟ್ಟಿಯಲ್ಲಿದ್ದ ಕೈಸನ್ನೆ ಅದೇ. ಓರಿನ್ ತಯಾರಾಗುವ ದೇಶದಲ್ಲಿ ಚೌಕಗಳಲ್ಲಿ ನೆರೆದ ಜನ ಮಾಡುತ್ತಿದ್ದ ಸನ್ನೆ. ಅವರಲ್ಲಿ ಅದಕ್ಕೆ ಬಿಡುಗಡೆ ಎಂಬ ಅರ್ಥ.

ಇಬ್ಬರ ಫೋನುಗಳನ್ನೂ ತೆಗೆದುಕೊಂಡು ಹೊರಗಿನ ಪಡಸಾಲೆಗೆ ಬಂದಳು. ಒಂದರಿಂದ ಇನ್ನೊಂದಕ್ಕೆ ಕರೆ ಮಾಡಿ, ಎರಡನ್ನೂ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ, ಎದೆಯ ಹತ್ತಿರ ಮುಷ್ಟಿ ಹಿಡಿದು ಬಿಚ್ಚಿದಳು. ಕಳಿಸುವ ಫೋನಿನ ಮೂಲೆಯ ಸಣ್ಣ ಚೌಕದಲ್ಲಿ ಕೈ ಸರಿಯಾಗಿಯೇ ಕಂಡಿತು, ಅದು ಕ್ಯಾಮೆರಾ ಕಂಡ ನಿಜ ಚಿತ್ರ. ಇನ್ನೊಂದು ಫೋನಿನಲ್ಲಿ ಅದೇ ಮುಖ, ಅದೇ ಕುರ್ತಾ, ಕೈ ಮಾತ್ರ ಕೆಳಗೆ. ಮಾಡಲು ಏನೂ ಕೆಲಸವಿಲ್ಲದವಳಂತೆ ಅವಳು ಕೈ ಇಳಿಬಿಟ್ಟು ನಿಂತಿದ್ದಳು. ಇನ್ನೊಮ್ಮೆ ಮಾಡಿದಳು. ಪರದೆಯಲ್ಲಿ ಅವಳು ಮತ್ತೆ ಸುಮ್ಮನೆ ನಿಂತಳು.

ಕೇಂದ್ರಕ್ಕೆ ಮರಳಿ, ತಾಮ್ರದ ಕೋಣೆಯಲ್ಲಿ ಫರ್ಜಾನಾಳೊಂದಿಗೆ ಕೂತು ಫೋನಿನ ಒಳಗನ್ನು ಮತ್ತೆ ಬಿಚ್ಚಿದಾಗ ಕಾರಣ ತಿಳಿಯಿತು. ಪಟ್ಟಿ ಇಲ್ಲದ್ದು ನಿಜವೇ. ಆದರೆ ಚಿತ್ರ ಬರೆಯುವ ಮಿದುಳಿಗೆ ಪಾಠ ಹೇಳಿದ್ದು ಪಟ್ಟಿ ಇದ್ದ ಕಾಲದಲ್ಲಿ. ಆಗ ಅದಕ್ಕೆ ತೋರಿಸಿದ ಲಕ್ಷಾಂತರ ಕೈಗಳಲ್ಲಿ ಆ ಮುಷ್ಟಿಯ ಕೈ ಒಂದೂ ಇರಲಿಲ್ಲ, ಎಲ್ಲವನ್ನೂ ಆರಿಸಿ ತೆಗೆದಿದ್ದರು. ಮುಂದೆ ಪಟ್ಟಿಯನ್ನು ಕಿತ್ತುಹಾಕಿದರೂ ಮಿದುಳು ಹಾಗೇ ಉಳಿಯಿತು. ಮನುಷ್ಯನ ಕೈ ಹಾಗೆ ಬಿಚ್ಚಿಕೊಳ್ಳಬಹುದು ಎಂಬುದೇ ಅದಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕೈ ಎದುರಾದಾಗ ಗೊತ್ತಿದ್ದ ಕೈಯನ್ನು, ಸುಮ್ಮನಿರುವ ಕೈಯನ್ನು, ಬರೆದುಬಿಡುತ್ತಿತ್ತು.

ಇನಾಮದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಲಕ್ಷಗಟ್ಟಲೆ ಫೋನ್ ಮಾರಿ ಹೋಗ್ಯಾವ್ರಿ. ಸುಮ್ನ ಕಂಪನಿಗೆ ಬರದು ಸರಿ ಮಾಡಸೂಣು. ಪೇಪರಿನಾಗ ಬಂದ್ರ ಕೇಂದ್ರದ ಮರ್ಯಾದಿ ಹೋಗತೈತಿ. ಅಲ್ಲಾ, ನಿಮಗ ಇದು ಹೆಂಗ ಹೊಳೀತು?"

"ನಮ್ಮಪ್ಪ ಅವ್ವಗ ಕಿವಿ ಕೇಳಂಗಿಲ್ರಿ ಸರ್. ಈ ಫೋನಿನಾಗ ಮಾತಾಡತಿದ್ರು. ಅಪ್ಪ ನೋವು ಅಂದದ್ದು ಅವ್ವಗ ಕಾಣಲಿಲ್ಲ. ಎರಡ ಬೆರಳ ತಗದಾರ."

 ಫರ್ಜಾನಾ ತಲೆ ಎತ್ತಿ ಅವಳನ್ನೇ ನೋಡಿದಳು. "ಮೇಡಂ, ಅವತ್ತ ನಾ ಕೇಳಿದ್ನಲ್ಲಾ." ದನಿಯಲ್ಲಿ ಸಿಟ್ಟಿರಲಿಲ್ಲ, ನಂಬಲಾಗದ ಬೆರಗಿತ್ತು. "ನೀವು ಅಲ್ಲೇ ಕುಂತಿದ್ರಿ. ಯಾರೂ ಇಲ್ಲ ಅಂದ್ರಿ."

"ಹೌದು," ಎಂದಳು ಸೌಭಾಗ್ಯ.

  ಎದ್ದು ಹೋಗಬೇಕೆನಿಸಿದರೂ ಹೋಗದೆ, ಅಲ್ಲಿಯೇ ಕೂತು ತನ್ನ ಸಹಿಯನ್ನು ಹಿಂದಕ್ಕೆ ಪಡೆಯುವ ಪತ್ರ ಬರೆದಳು. ಸುದ್ದಿ ಪತ್ರಿಕೆಗಳಿಗೆ ಹೋಯಿತು. ಓರಿನ್ ಮಾರಾಟ ನಿಂತಿತು. ಕೈಮಾತಿನವರು ಆ ಫೋನಿನ ವಿಡಿಯೋವನ್ನು ನಂಬಬಾರದೆಂಬ ಪ್ರಕಟಣೆ ಊರೂರಿಗೆ ಹೋಯಿತು. ಇನಾಮದಾರರು ಕೆಲವು ದಿನ ಅವಳೊಂದಿಗೆ ಕೆಲಸದ ಮಾತಷ್ಟೇ ಆಡಿದರು.

ವಾರದ ಕೊನೆಗೆ ಗದಗಿಗೆ ಹೋದಳು. ಅಪ್ಪ ಒಳಗೆ ಮಲಗಿದ್ದ. ಅವ್ವ ಸೌತೆಕಾಯಿ ಹೆಚ್ಚುತ್ತಿದ್ದಳು. ಸೌಭಾಗ್ಯ ಎದುರಿಗೆ ಕೂತು ಎಲ್ಲವನ್ನೂ ಕೈಯಲ್ಲಿ ಹೇಳಿದಳು. ಫೋನು ಏನು ಮಾಡಿತು ಎಂಬುದನ್ನು ಹೇಳುವುದು ಸುಲಭವಾಯಿತು. ಸಭೆಯಲ್ಲಿ ಕೇಳಿದ ಪ್ರಶ್ನೆಗೆ ತಾನು ತಲೆಯಾಡಿಸಿದ್ದನ್ನು ಹೇಳುವಾಗ ಬೆರಳು ತಡವರಿಸಿದವು.

ಅವ್ವ ಈಳಿಗೆಮಣೆ ಬದಿಗೆ ಸರಿಸಿ, ಕೈ ಒರೆಸಿಕೊಂಡಳು.

"ನಿನ್ನ ಮದುವೆಗೆ ಆಫೀಸಿನವರು ಯಾರೂ ಬರಲಿಲ್ಲ," ಎಂದಳು. "ಅವರಿಗೆ ರಜೆ ಇಲ್ಲ ಅಂದೆ. ನನಗೆ ಅವತ್ತೇ ಗೊತ್ತಾಯಿತು. ನಿಮ್ಮಪ್ಪನಿಗೆ ಹೇಳಲಿಲ್ಲ. ಅವರಿಗಾಗಿ ಪಂಕ್ತಿಯ ಕೊನೆಯಲ್ಲಿ ಎಲೆ ಹಾಕಿಸಿಟ್ಟು ಕಾದರು ಪಾಪ."

"ಬೈಯವ್ವ."

"ಬೈದರೆ ನಿನಗೆ ಹಗುರ ಆಗುತ್ತದೆ." ನೀಲವ್ವ ಮತ್ತೆ ಈಳಿಗೆಮಣೆ ಎಳೆದುಕೊಂಡಳು. ಸೌತೆಕಾಯಿ ಮುಗಿಯುವವರೆಗೆ ಅವಳ ಕೈಗೆ ಮಾತಾಡಲು ಬಿಡುವಿರಲಿಲ್ಲ.

ಕಂಪನಿಯ ಉತ್ತರ ಬಂತು. ತಪ್ಪು ಒಪ್ಪಿದ್ದರು. ಮಿದುಳಿಗೆ ಹೊಸ ಪಾಠ ಹೇಳಲು ಸಿದ್ಧ, ಅದಕ್ಕೆ ಕಿವುಡರು ಮನೆಯಲ್ಲಿ ಆಡುವ ಸಹಜ ಮಾತಿನ ವಿಡಿಯೋ ಬೇಕು, ಎಷ್ಟು ಹೆಚ್ಚು ಕೊಟ್ಟರೆ ಅಷ್ಟು ಒಳ್ಳೆಯದು ಎಂದು ಕೇಳಿದ್ದರು. ಆ ಮಾತು ಹೇಳಲು ಸೌಭಾಗ್ಯಳೇ ಗದಗಿನ ಕಿವುಡರ ಸಂಘಕ್ಕೆ ಹೋದಳು. ಸಂಘದವರೆಲ್ಲ ಅವಳು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ಅವಳನ್ನು ಬಲ್ಲವರು. ಆಕೆ ಹೇಳಿ ಮುಗಿಸಿದಾಗ ಕೈಗಳು ಎದ್ದವು. ನಮ್ಮ ಮನೆಮಾತನ್ನು ಅಲ್ಲಿ ಯಾರು ನೋಡುತ್ತಾರೆ? ಜಗಳವನ್ನೂ ನೋಡುತ್ತಾರೆಯೇ? ನೋಡಿದ ಮೇಲೆ ಎಸೆಯುತ್ತಾರೆಯೇ, ಇಟ್ಟುಕೊಳ್ಳುತ್ತಾರೆಯೇ?

"ಗೊತ್ತಿಲ್ಲ," ಎಂದಳು ಸೌಭಾಗ್ಯ. "ಎಸೆಯುತ್ತೇವೆ ಎಂದಿದ್ದಾರೆ. ಎಸೆದರೋ ಇಲ್ಲವೋ ನೋಡಲು ನನ್ನಿಂದ ಆಗುವುದಿಲ್ಲ."

ಹಿಂದಿನ ಸಾಲಿನಿಂದ ಮಾನಪ್ಪ ಎದ್ದು ನಿಂತ. ಬಲಗೈ ಬ್ಯಾಂಡೇಜಿನಲ್ಲಿತ್ತು. ಎಡಗೈಯಲ್ಲಿ ನಿಧಾನವಾಗಿ ಹೇಳಿದ. "ಮನೆಮಾತು ಕೊಡುವುದಿಲ್ಲ. ಆ ಒಂದು ಮಾತು ಮಾತ್ರ ಕೊಡುತ್ತೇನೆ. ನೋವು ಎಂಬುದೊಂದು ಕಾಣಲಿ. ಉಳಿದದ್ದು ನಮ್ಮದು."

ಸಂಘ ಅದಕ್ಕೇ ಒಪ್ಪಿತು.

ಗಾಯ ಮಾಯ್ದ ಮೇಲೆ ಹುಬ್ಬಳ್ಳಿಯ ಕೇಂದ್ರದಲ್ಲೇ ಚಿತ್ರೀಕರಣ ಇಟ್ಟುಕೊಂಡರು. ಒಬ್ಬೊಬ್ಬರಾಗಿ ಬಂದು ಕ್ಯಾಮೆರಾದ ಮುಂದೆ ಕೂತು ಅದೊಂದೇ ಮಾತು ಆಡಿ ಎದ್ದರು. ಮಾನಪ್ಪನ ಸರದಿ ಬಂದಾಗ ಅವನು ಬಲಗೈ ಎತ್ತಿದ. ಮುಷ್ಟಿ ಅರ್ಧವೇ ಆಯಿತು. ಬಿಚ್ಚಿದಾಗ ಹೆಬ್ಬೆರಳು, ಉಂಗುರಬೆರಳು, ಕಿರುಬೆರಳು ಮಾತ್ರ ಚಾಚಿಕೊಂಡವು. ಕಂಪನಿಯ ಯಂತ್ರದ ಮೇಲೆ ಕೆಂಪು ದೀಪ ಹತ್ತಿತು.

"ಮಾದರಿ ಸರಿ ಇಲ್ಲ ಅನ್ನಾಕತ್ತೇತಿ," ಎಂದಳು ಫರ್ಜಾನಾ ಮೆಲ್ಲಗೆ. "ಎಡಗೈಲೆ ಮಾಡಂತ ಹೇಳ್ರಿ ಮೇಡಂ."

ಸೌಭಾಗ್ಯ ಅಪ್ಪನ ಕಡೆ ತಿರುಗಿದಳು. ಅದನ್ನು ಹೇಳಲು ಅವಳ ಕೈ ಏಳಲಿಲ್ಲ. ಮಾನಪ್ಪ ಮಗಳ ಮುಖ ನೋಡಿದ, ಕೆಂಪು ದೀಪ ನೋಡಿದ. ಅವಳು ಹೇಳಬೇಕಾದ ಪ್ರಸಂಗವೇ ಬಾರದಂತೆ ಬಲಗೈಯನ್ನು ತಾನೇ ಕೆಳಗಿಳಿಸಿ ಎಡಗೈ ಎತ್ತಿದ. ಏನೂ ಆಗಿಲ್ಲವೆಂಬಂತೆ ಸ್ವಲ್ಪ ನಕ್ಕ. ಆ ನಗು ಅವಳನ್ನು ಅವ್ವ ಬೈಯದೆ ಬಿಟ್ಟದ್ದಕ್ಕಿಂತ ಹೆಚ್ಚು ಇರಿಯಿತು.

"ಬಲಗೈದೂ ತಗೋರಿ," ಎಂದಳು ಫರ್ಜಾನಾಗೆ.

"ಯಂತ್ರ ತಗೋವಲ್ದರಿ."

"ತಗೋಳೂಮಟ ನಾ ಸಹಿ ಹಾಕಂಗಿಲ್ಲ. ಹಂಗಂತ ಅವರಿಗೆ ಬರೀರಿ. ನಮ್ಮಪ್ಪ ಮಾತಾಡೂದು ಈ ಕೈಲೆ."

ಕಂಪನಿ ತಕರಾರು ಮಾಡಿತು. ಬೆರಳು ಕಡಿಮೆಯಿರುವ ಕೈಯನ್ನು ಮಿದುಳಿಗೆ ಕಲಿಸುವುದು ಬೇರೆಯೇ ಕೆಲಸ ಎಂದಿತು. ಮೇಲಿನವರಿಂದ ಇನಾಮದಾರರಿಗೆ ಫೋನುಗಳು ಬಂದವು. ಅವರು ಒಮ್ಮೆ ಸೌಭಾಗ್ಯಳನ್ನು ಕರೆಸಿ, "ಇನ್ನ ಎಷ್ಟ ದಿನ್ರಿ?" ಎಂದು ಕೇಳಿದರು. ಕಾಣುವವರೆಗೆ ಎಂದಳು. ಅವರು ಮತ್ತೆ ಕೇಳಲಿಲ್ಲ. ಬೇಸಿಗೆ ಕಳೆದು ಮುಂಗಾರು ಬಂದ ಮೇಲೆ ಹೊಸ ಮಿದುಳು ಬಂತು. ಕೇಂದ್ರದ ಕೋಣೆಯಲ್ಲಿ ಎಲ್ಲ ಪರೀಕ್ಷೆ ಮುಗಿದರೂ ಸೌಭಾಗ್ಯ ಸಹಿ ಹಾಕದೆ, ಒಂದು ಸಂಜೆ ಹೊಸ ಮಿದುಳಿನ ಫೋನು ಹಿಡಿದು ಹೊರಗೆ ಬಂದು ಗದಗಿಗೆ ವಿಡಿಯೋ ಕರೆ ಮಾಡಿದಳು.

ಅಪ್ಪ ಜಗುಲಿಯ ಮೇಲೆ ಕೂತಿದ್ದ. ಕೆಲಸ ಬಿಟ್ಟಿದ್ದ. ಕೈಮಾತಿನಲ್ಲೂ ಅವನಿಗೆ ಈಗ ತೊದಲು. ತೋರುಬೆರಳು ಬೇಕಾದ ಮಾತುಗಳನ್ನೆಲ್ಲ ಸುತ್ತಿಬಳಸಿ ಹೇಳುತ್ತಿದ್ದ, ಎಷ್ಟೋ ಮಾತುಗಳನ್ನು ಆಡುವುದನ್ನೇ ಬಿಟ್ಟಿದ್ದ.

"ಆ ಮಾತು ಹೇಳಪ್ಪ. ಕಾಣುತ್ತದೆಯೇ ನೋಡುತ್ತೇನೆ," ಎಂದಳು.

ಮಾನಪ್ಪ ಬಲಗೈಯನ್ನು ಎದೆಯ ಹತ್ತಿರ ತಂದು ಬಿಚ್ಚಿದ. ಪರದೆಯ ಮೇಲೆ ಮೂರು ಬೆರಳು, ನಡುವೆ ಹೊಲಿಗೆಯ ಗುರುತು, ಎಲ್ಲವೂ ಇದ್ದಂತೆಯೇ ಬಂದವು.

"ಕಂಡಿತು," ಎಂದಳು ಸೌಭಾಗ್ಯ. ಅಪ್ಪ ಕೈ ಇಳಿಸಲಿಲ್ಲ. ಇನ್ನೊಮ್ಮೆ ಬಿಚ್ಚಿದ. ಅವನು ಪರೀಕ್ಷೆಗಾಗಿ ಮಾಡುತ್ತಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

"ಎಲ್ಲಿ?" ಎಂದು ಕೇಳಿದಳು.

ಮಾನಪ್ಪ ಎಡಗೈಯಿಂದ ಬಲಗೈಯ ಮೇಲೆ ತೋರಿಸಿದ. ಬೆರಳುಗಳು ಇದ್ದ ಜಾಗದಲ್ಲಿ, ಬರೀ ಗಾಳಿಯಲ್ಲಿ, ಅವುಗಳ ಉದ್ದಕ್ಕೂ ಕೈಯಾಡಿಸಿ, ತುದಿಯಲ್ಲಿ ನಿಲ್ಲಿಸಿದ. "ಇಲ್ಲಿ," ಎಂದ. "ದಿನಾ ಬರುತ್ತದೆ. ಇಲ್ಲದ ಬೆರಳು ಹೇಗೆ ನೋಯುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ."

ಸೌಭಾಗ್ಯ ಸಂಬಂಧವಿಲ್ಲದ ಇನ್ನೇನೋ ಕೇಳಿ ಫೋನ್ ಇಡಬಹುದಿತ್ತು. ಇಡಲಿಲ್ಲ. ಅಪ್ಪ ಆ ಖಾಲಿ ಜಾಗವನ್ನು ನೀವಿಕೊಳ್ಳುತ್ತ ಕೂತದ್ದನ್ನು ಅವನು ಸಾಕೆನ್ನುವವರೆಗೂ ನೋಡುತ್ತ ಕೂತಳು.